ಅಳಿಯನ ಕೈಗೆಂದು ಮಾಡಿದ ಹಿಡಿ

ನಮ್ಮ ಎಮ್ಮೆ ಸತ್ತದ್ದು ಆಟಿ ತಿಂಗಳಲ್ಲಿ, ಒಂದು ಗುರುವಾರ. ನನ್ನ ಡೈರಿಯಲ್ಲಿ ಆ ದಿನಕ್ಕೆ ಮೂರೇ ಸಾಲು ಇದೆ. ಬೀಡಿ ಎಂಟುನೂರು. ಮಳೆ ಬಿಡಲಿಲ್ಲ. ಎಮ್ಮೆ ಹೋಯಿತು. ಮರುದಿನ ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೇನೆ: ಮುಂಗಾಲಿನ ಎಲುಬು ನನಗೆ ಎಂದು ಅಪ್ಪ ಹೇಳಿದರು.

ಎಲುಬು ನನಗೆ ಎಂದು ಒಬ್ಬ ಹುಡುಗಿ ಬರೆದಿಟ್ಟದ್ದು ಬೇರೆ ಮನೆಗಳಲ್ಲಾದರೆ ವಿಚಿತ್ರವಾಗಿ ಕಂಡೀತು. ನಮ್ಮಲ್ಲಿ ಹಾಗಿಲ್ಲ. ನನ್ನ ಅಪ್ಪನದ್ದು ಮೂರ್ತೆಯ ಕೆಲಸ, ಅಂದರೆ ತೆಂಗು, ತಾಳೆ ಮರ ಏರಿ ಕಳ್ಳು ಇಳಿಸುವುದು. ಬಂಟ್ವಾಳದಿಂದ ಸ್ವಲ್ಪ ಮೇಲೆ, ಹೊಳೆಯ ಬದಿಯ ಗುಡ್ಡೆಯಲ್ಲಿ ನಮ್ಮ ಮನೆ. ಹೊಂಬಾಳೆಯನ್ನು ಮೆಲ್ಲಗೆ ಬಡಿದು ಹದ ಮಾಡಲು ಅಪ್ಪನ ಸೊಂಟದಲ್ಲಿ ಒಂದು ಎಲುಬು ಯಾವಾಗಲೂ ಇರುತ್ತಿತ್ತು. ಹೊಂಬಾಳೆಯ ತುದಿ ಕೊಯ್ಯುವ ಕತ್ತಿಗೂ ಎಲುಬಿನದೇ ಹಿಡಿ. ಮರದ ಹಿಡಿಗೆ ಕಳ್ಳು ತಾಗಿದರೆ ಅಂಟು, ಹುಳಿ, ಇರುವೆ. ಎಲುಬಾದರೆ ಒದ್ದೆ ಕೈಯಲ್ಲೂ ಜಾರುವುದಿಲ್ಲ, ಅಂಗಿಗೆ ಒರೆಸಿದರೆ ಮುಗಿಯಿತು. ಅಪ್ಪನ ಕತ್ತಿಯ ಹಿಡಿ ಅವರ ಸೋದರಮಾವ ಮಾಡಿ ಕೊಟ್ಟದ್ದು, ಅರಸಿನ ಕೊಂಬಿನ ಬಣ್ಣಕ್ಕೆ ತಿರುಗಿತ್ತು.

ಎಮ್ಮೆಯನ್ನು ಕರುವಾಗಿನಿಂದ ಸಾಕಿದ್ದು ನಾನು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನನ್ನ ದಿನ ಹೀಗೆ ಹಂಚಿಹೋಗಿತ್ತು: ಬೆಳಿಗ್ಗೆ ಎಮ್ಮೆ, ಆಮೇಲೆ ಬೀಡಿ, ಸಂಜೆ ಎಮ್ಮೆ, ಆಮೇಲೆ ಡೈರಿ. ಹಾಲು ಎಷ್ಟು, ಬೀಡಿ ಎಷ್ಟು, ಬೀಡಿ ಕೊಳ್ಳುವ ಬ್ರಾಂಚಿನವರು ಸರಿಯಿಲ್ಲವೆಂದು ಎಷ್ಟು ತೆಗೆದು ಬಿಸಾಡಿದರು ಎಂದೆಲ್ಲ ಬರೆಯುತ್ತಿದ್ದೆ. ಬರೆಯದಿದ್ದರೆ ಆ ದಿನ ನಡೆದೇ ಇಲ್ಲ ಎಂಬಂತೆ ನನಗೆ.

ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಎಮ್ಮೆಯನ್ನು ಇಳಿಸುವಾಗ ನಾನು ಮಳೆಯಲ್ಲೇ ನಿಂತು ಅಳುತ್ತಿದ್ದೆ. ಅಪ್ಪ ಹಾರೆ ಊರಿಕೊಂಡು ನನ್ನನ್ನು ನೋಡಿದರು.

"ಅಳಬೇಡ ಮಗಾ. ಎರಡು ಮಳೆಗಾಲ ಕಳೀಲಿ. ಇದರ ಮುಂಗಾಲಿನ ಎಲುಬು ತೆಗೆದು ನಿನಗೊಂದು ಕತ್ತಿಗೆ ಹಿಡಿ ಮಾಡಿ ಕೊಡ್ತೇನೆ. ನಿನ್ನ ಎಮ್ಮೆ ನಿನ್ನ ಕೈಯಲ್ಲೇ ಇರ್ತದೆ."

"ಯಾವ ಕತ್ತಿಗೆ?"

"ಯಾವುದಾದ್ರೂ ಕತ್ತಿಗೆ ಮಾರಾಯ್ತಿ. ನಿನಗೆ ಬೀಡಿ ಎಲೆ ಬಿಡಿಸ್ಲಿಕ್ಕೆ, ತರಕಾರಿ ಕೊಯ್ಲಿಕ್ಕೆ ಒಂದು ಬೇಡ್ವಾ?"

ಅಪ್ಪ ನನ್ನೊಡನೆ ಅಷ್ಟು ಉದ್ದ ಮಾತಾಡಿದ್ದು ಅಪರೂಪ. ಅದಕ್ಕೇ ಮರುದಿನ ಅದನ್ನು ಬರೆದಿಟ್ಟದ್ದು.

ಎರಡು ಮಳೆ ಕಳೆಯುವಷ್ಟರಲ್ಲಿ ಅಪ್ಪನ ಮೊಣಕಾಲು ಕೈಕೊಟ್ಟಿತು. ಮರದಿಂದ ಬಿದ್ದದ್ದಲ್ಲ. ಏರಿ ಇಳಿದು ಏರಿ ಇಳಿದು ಸವೆದದ್ದು. ನವರಾತ್ರಿ ಕಳೆದ ಮೇಲೆ ಮಡಂತ್ಯಾರಿನಿಂದ ಅತ್ತೆ ಬಂದರು. ಅಪ್ಪನ ತಂಗಿ. ಬಂದವರು ಚೀಲ ಇಡುವ ಮೊದಲೇ ವಿಷಯ ತೆಗೆದರು.

"ಅಣ್ಣಾ, ನಿನ್ನ ಕಾಲು ಇನ್ನು ಮರಕ್ಕೆ ಆಗುದಿಲ್ಲ. ಮನೆ ಮೆಟ್ಟಿಲಿಗೇ ಆಗುದಿಲ್ಲ. ಅಳಿಯ ಉಂಟಲ್ಲ?"

ಅಳಿಯ ಎಂದರೆ ಅತ್ತೆಯ ಮಗ, ನನಗೆ ಬಾವ. ನನಗಿಂತ ಒಂದೇ ವರ್ಷ ದೊಡ್ಡವನು. ಧರ್ಮಸ್ಥಳದಲ್ಲಿ ಯಾವುದೋ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದವನು ಅದನ್ನು ಬಿಟ್ಟು ಮನೆಗೆ ಬಂದು ಕುಳಿತಿದ್ದ. ಮರ ಏರಲು ಹೆದರಿಕೆ ಇಲ್ಲದವನು, ಅದು ನಿಜ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬಂದರೆ ಅಂಗಳದಲ್ಲಿ ನಿಂತದ್ದಕ್ಕಿಂತ ಮರದ ಮೇಲೆ ಇದ್ದದ್ದೇ ಹೆಚ್ಚು.

ಅಪ್ಪನ ಮುಖ ಅರಳಿತು. "ಅವ ಬರ್ತಾನಾ?"

"ಬರದೆ? ಸೋದರಮಾವನ ಮರ, ಸೋದರಮಾವನ ಕತ್ತಿ. ಬೇರೆ ಯಾರಿಗೆ?"

ಮರುದಿನ ಬೆಳಿಗ್ಗೆ ಗಂಜಿ ಉಣ್ಣುವಾಗ ಅಪ್ಪ, "ಎಮ್ಮೆಯ ಎಲುಬು ತೆಗೆಯುವ. ಈಗ ಹದ ಆಗಿರ್ತದೆ," ಎಂದರು. ನಾನು ಗಂಜಿ ಬಿಟ್ಟು ಎದ್ದೆ. ಗುಂಡಿ ಅಗೆಯುವಾಗ ಮಣ್ಣು ಹೊತ್ತು ಹಾಕಿದೆ. ತೆಂಗಿನ ಬೇರು ಎಲ್ಲ ಕಡೆ ಹೊಕ್ಕಿತ್ತು. ಮೂರು ಕಾಲಿನ ಎಲುಬುಗಳು ಮುಟ್ಟಿದರೆ ಒದ್ದೆ ಸುಣ್ಣದ ಹಾಗೆ ಉದುರಿದವು. ಒಂದು ಮುಂಗಾಲಿನದು ಮಾತ್ರ ಗಟ್ಟಿಯಾಗಿ, ನೇರವಾಗಿ ಬಂತು. ಅಪ್ಪ ಅದನ್ನು ತೊಳೆದು, ಉಗುರಿನಿಂದ ತಟ್ಟಿ ಸದ್ದು ಕೇಳಿದರು. ನಾನು ಕೈ ಚಾಚಿದೆ.

"ಲಾಯ್ಕ ಉಂಟು," ಎಂದರು ಅಪ್ಪ. "ಅಳಿಯನಿಗೆ ಸರಿಯಾಯ್ತು. ನನ್ನ ಕತ್ತಿಯ ಹಿಡಿ ಉದ್ದಕ್ಕೆ ಬಿರುಕು ಬಿಟ್ಟಿದೆ, ಅದನ್ನು ಅವನಿಗೆ ಕೊಡ್ಲಿಕ್ಕಾಗ್ತದಾ?"

"ಅದು ನನಗೆ ಅಂತ ಹೇಳಿದ್ದಲ್ವಾ?"

ಅಪ್ಪ ಮೂರು ಕಾಲುಗಳ ಪುಡಿಯ ಕಡೆಗೆ ನೋಡಿದರು. "ನಿನಗೆ ಇನ್ನೊಂದು ಸಿಗ್ತದೆ ಮಗಾ."

ಎಲ್ಲಿಂದ ಎಂದು ಹೇಳಲಿಲ್ಲ. ನಮ್ಮಲ್ಲಿ ಬೇರೆ ಎಮ್ಮೆಯೂ ಇರಲಿಲ್ಲ.

ಒಲೆಯ ಮುಂದೆ ಕೂತು ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಒಲೆಗೆ ಒಣ ತೆಂಗಿನ ಮಡಲು ತುರುಕುತ್ತಾ ಹೇಳಿದಳು: "ನೀನು ಗಂಡಾಗಿ ಹುಟ್ಟಿದ್ರೂ ಆ ಕತ್ತಿ ನಿನಗೆ ಸಿಗ್ತಿರಲಿಲ್ಲ. ಇವರದ್ದು ಅಳಿಯಕಟ್ಟು. ಮಾವನದ್ದು ಅಳಿಯನಿಗೆ, ಅಪ್ಪನದ್ದು ಮಕ್ಕಳಿಗಲ್ಲ."

"ಹಾಗಾದ್ರೆ ನನ್ನ ಸೋದರಮಾವನ ಹತ್ತಿರ ನನಗೆ ಬರುವಂಥದ್ದು ಎಂತ ಉಂಟು?"

"ನನ್ನ ತಮ್ಮನ ಹತ್ತಿರವಾ?" ಅಮ್ಮ ಸ್ವಲ್ಪ ಯೋಚಿಸಿದಳು. "ಒಂದು ಸೈಕಲ್ ಉಂಟು. ಚೈನ್ ಇಲ್ಲ."

ಬಾವ ತುಲಾ ಸಂಕ್ರಮಣ ಕಳೆದು ಬಂದ. ಒಂದು ಟ್ರಂಕು, ಒಂದು ಟಾರ್ಚು, ಹೋಟೆಲಿನ ಭಾಷೆ. ನಾನು ಚಾವಡಿಯಲ್ಲಿ ತಡ್ಪೆಯನ್ನು, ಅಂದರೆ ಬೀಡಿಯ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವುದು; ಅಂಗಳದಲ್ಲಿ ಅಪ್ಪ, ಬಾವ ಇಬ್ಬರೂ ಹಲಸಿನ ಮರದ ನೆರಳಿನಲ್ಲಿ ಕುಳಿತುಕೊಳ್ಳುವುದು. ಅಪ್ಪನಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾವ ಹೊಂಬಾಳೆ ಎಷ್ಟು ಬಡಿಯಬೇಕು, ಯಾವ ಧಣಿಯ ತೋಟದ ಯಾವ ಮರ ಗಾಳಿಗೆ ಎತ್ತ ಬಾಗುತ್ತದೆ, ತಾನು ಕಲಿಯುವಾಗ ತನ್ನ ಮಾವ ಹೇಗೆ ಬೈದರು. ಒಂದು ದಿನ ಅಪ್ಪನ ಮಾತುಗಳನ್ನು ಲೆಕ್ಕ ಮಾಡಲು ಮಾತಿಗೊಂದು ಗೀಟು ಹಾಕಿದೆ. ನನ್ನೊಡನೆ ಆಡಿದ್ದಕ್ಕೆ ಒಂದು ಕಡೆ, ಅವನೊಡನೆ ಆಡಿದ್ದಕ್ಕೆ ಇನ್ನೊಂದು ಕಡೆ. ನನ್ನ ಕಡೆ ಸಂಜೆಗೆ ನಾಲ್ಕಾಯಿತು. ಅದರಲ್ಲಿ ಎರಡು 'ನೀರು ತಾ'. ಅವನ ಕಡೆ ಹಾಕುವುದನ್ನು ಮಧ್ಯಾಹ್ನವೇ ಬಿಟ್ಟಿದ್ದೆ. ಬೀಡಿಯ ಲೆಕ್ಕ ತಪ್ಪುತ್ತಿತ್ತು.

ಎಲುಬಿನ ಕೆಲಸ ನಿಧಾನದ್ದು. ಮೊದಲು ಬೂದಿ ನೀರಿನಲ್ಲಿ ನೆನೆಹಾಕಬೇಕು, ಒಳಗಿನ ಜಿಡ್ಡು ಬಿಡುವವರೆಗೆ. ಆಮೇಲೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಕೊತಕೊತ ಕುದಿಸಿದರೆ ಎಲುಬು ಸೀಮೆಸುಣ್ಣ ಆಗುತ್ತದೆ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಹಾಗಾಗಿ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಸುತ್ತಿ ಇಡುವುದು. ಆ ಒಲೆಯ ಉರಿ ನೋಡಿಕೊಂಡದ್ದು ನಾನು, ಬೂದಿ ಜರಡಿ ಹಿಡಿದದ್ದು ನಾನು. ಬಾವ ಮೂಗು ಮುಚ್ಚಿಕೊಂಡು, "ಎಂತ ವಾಸನೆ ಮಾರಾಯ್ತಿ! ಇದಕ್ಕಿಂತ ಹೋಟೆಲಿನ ಮೋರಿ ಆಗ್ಬಹುದು," ಎಂದು ಅಂಗಳದ ಆ ಕೊನೆಗೆ ಹೋಗುತ್ತಿದ್ದ.

"ಯಾರಿಗೆ ಮಾಡುವುದು ಅಂತ ಗೊತ್ತುಂಟಲ್ಲ?" ಎಂದೆ.

"ನನಗೆ." ನಕ್ಕ. "ನಿನಗೆ ಹೊಟ್ಟೆಕಿಚ್ಚಾ?"

"ಹೌದು."

ಅವನು ಇಲ್ಲ ಎಂಬ ಉತ್ತರಕ್ಕೆ ತಯಾರಾಗಿದ್ದ. ಟಾರ್ಚನ್ನು ಹಗಲಿನಲ್ಲೇ ಹೊತ್ತಿಸಿ ನಂದಿಸಿದ.

ಕತ್ತಿಯ ಅಲಗು ಮಾಡುವ ಕಮ್ಮಾರ ಮೂಡುಬಿದಿರೆಯಲ್ಲಿದ್ದ. ಮೂರ್ತೆಯ ಅಲಗು ತೆಳ್ಳಗೆ, ಅಗಲವಾಗಿ, ಗಡ್ಡ ಹೆರೆಯುವಷ್ಟು ಹರಿತವಾಗಿ ಬೇಕು. ಎಲ್ಲರಿಗೂ ಅದು ಬರುವುದಿಲ್ಲ. ಅಪ್ಪ ಬಾವನನ್ನು ಕರೆದುಕೊಂಡು ಸಿದ್ಧಕಟ್ಟೆಯ ಬಸ್ಸಿನಲ್ಲಿ ಹೋದರು. ನಾನೂ ಬರುತ್ತೇನೆ ಎಂದಿದ್ದೆ. ಬಸದಿ ನೋಡುವುದು ಒಂದು ನೆಪವಾಗಿ ಇತ್ತು. "ಬಸ್ಸಿನಲ್ಲಿ ಜನ ಇರ್ತದೆ," ಎಂದರು ಅಪ್ಪ. ಸಂಜೆ ಬಂದ ಬಾವ ಎಲೆಯಲ್ಲಿ ಸುತ್ತಿದ ಅಲಗನ್ನು ತೋರಿಸುವ ಮೊದಲು ತಿಂದದ್ದನ್ನು ಹೇಳಿದ.

"ಮಾವ ಬನ್ಸ್ ತೆಗೆಸಿ ಕೊಟ್ಟರು. ಎರಡು. ಮತ್ತೆ ಚಾ."

ಅಪ್ಪ ನನಗೆ ಬಂಟ್ವಾಳದ ಪೇಟೆಯಲ್ಲಿ ಬನ್ಸ್ ತೆಗೆಸಿ ಕೊಟ್ಟದ್ದಿಲ್ಲ. ಕೇಳಿಯೂ ಇರಲಿಲ್ಲ, ಸರಿ. ಅವನು ಕೇಳಿದ್ದನೇ? ಡೈರಿಯಲ್ಲಿ ಆ ದಿನ: ಮೂಡುಬಿದಿರೆಗೆ ಅಪ್ಪ, ಬಾವ. ಬೀಡಿ ಆರುನೂರು, ಕೈ ಓಡಲಿಲ್ಲ.

ಎಲುಬು ಕೊಯ್ಯುವ ಹೊತ್ತಿಗೆ ಬಾವನಿಗೆ ಮನೆಯ ನೆನಪಾಯಿತು. ಎರಡು ದಿನದಲ್ಲಿ ಬರುತ್ತೇನೆ ಎಂದು ಮಡಂತ್ಯಾರಿಗೆ ಹೋದವನು ವಾರವಾದರೂ ಬರಲಿಲ್ಲ. ಎಲುಬು ಕಾಯುವುದಿಲ್ಲ. ಕೊಯ್ಯಲೆಂದು ಅಟ್ಟದಿಂದ ಇಳಿಸಿ ಮತ್ತೆ ನೆನೆಸಿದ್ದನ್ನು ಒದ್ದೆ ಇರುವಾಗಲೇ ಕೊಯ್ದು ಅರ ಹಾಕಬೇಕು. ಅಪ್ಪ ಎರಡು ತುದಿಯ ಗಂಟುಗಳನ್ನು ಗರಗಸದಿಂದ ಕೊಯ್ದು ತೆಗೆದರು. ಒಳಗೆ ಕೊಳವೆಯ ಹಾಗೆ ಟೊಳ್ಳು. ಅಡಿಕೆ ಮರದ ಸಲಾಕೆಯಿಂದ ಅದನ್ನು ಶುಚಿ ಮಾಡಿದರು. ನಾನು ಚೊಂಬಿನಿಂದ ನೀರು ಹನಿಸುತ್ತಾ ನಿಂತೆ. ನೀರಿಲ್ಲದೆ ಅರ ಹಾಕಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಬಿಳಿ ಹುಡಿ ನನ್ನ ಕಾಲ ಬೆರಳುಗಳ ಮೇಲೆ ಕೂರುತ್ತಿತ್ತು.

ಅಪ್ಪ ಸ್ವಲ್ಪ ಅರ ಹಾಕುವುದು, ಮುಷ್ಟಿಯಲ್ಲಿ ಹಿಡಿದು ನೋಡುವುದು, ಮತ್ತೆ ಅರ ಹಾಕುವುದು. ಹೆಬ್ಬೆರಳಿಗೆ ಒಂದು ತಗ್ಗು. ಕಿರುಬೆರಳಿಗೆ ಹಿಂದೆ ಒಂದು ಕೊಕ್ಕೆ, ಮರದ ಮೇಲೆ ಕೈ ಜಾರದ ಹಾಗೆ.

"ಬಾವನ ಕೈಯ ಅಳತೆ ತೆಗೆದುಕೊಳ್ಳಲಿಲ್ಲವಲ್ಲ?" ಎಂದೆ.

"ಅಳತೆ ಎಂತಕ್ಕೆ? ಮಾವನ ಕೈ, ಅಳಿಯನ ಕೈ, ಎರಡೂ ಒಂದೇ. ನನ್ನ ಮಾವ ಅವರ ಕೈಗೇ ಮಾಡಿ ನನಗೆ ಕೊಟ್ಟದ್ದು. ನೋಡು, ಎಷ್ಟು ವರ್ಷದಿಂದ ಕೂತಿದೆ." ಹಳೆಯ ಕತ್ತಿ ತೆಗೆದು ಮುಷ್ಟಿ ಬಿಗಿದು ತೋರಿಸಿದರು. ನಿಜಕ್ಕೂ ಕೂತಿತ್ತು. "ನಮ್ಮವರಿಗೆ ಕೈ ಹಾಗೇ ಬರುದು. ತಾಯಿಯ ಕಡೆಯಿಂದ."

ಅದೊಂದು ಲೆಕ್ಕ ನನಗೂ ಸರಿಯೆಂದು ಕಂಡಿತು. ಆಸ್ತಿ, ಕಟ್ಟಲೆ, ಮರ, ಕತ್ತಿ ಎಲ್ಲ ಆ ದಾರಿಯಲ್ಲೇ ಹೋಗುವಾಗ ಕೈ ಬೇರೆ ದಾರಿ ಯಾಕೆ ಹಿಡಿದೀತು? ನಾನು ನೀರು ಹನಿಸಿದೆ.

ಅರದ ಗೆರೆ ಹೋಗಲು ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜಿದರು. ಆಮೇಲೆ ಟೊಳ್ಳಿಗೆ ಹಲಸಿನ ಮರದ ಚಕ್ಕೆ ತುಂಬಿ, ಅರಗು ಕರಗಿಸಿ ಹೊಯ್ದು, ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಒಳಗೆ ಒತ್ತಿದರು. ಹಿಡಿಯ ಬಾಯಿಗೆ ಒಂದು ಹಿತ್ತಾಳೆಯ ಬಳೆ. ತಣಿದ ಮೇಲೆ ನನ್ನ ಮಡಿಲಿಗೆ ಹಾಕಿ, "ತೆಂಗಿನೆಣ್ಣೆ ಹಚ್ಚಿ ಉಜ್ಜು ಮಗಾ. ಮಿಂಚಬೇಕು," ಎಂದರು.

ಬಟ್ಟೆಯ ಚೂರಿಗೆ ಎಣ್ಣೆ ಹಾಕಿ ಉಜ್ಜಿದೆ. ಹಾಲಿನ ಕೆನೆಯ ಬಣ್ಣ, ಒಳಗೆ ಸಣ್ಣ ಸಣ್ಣ ಕಂದು ಗೆರೆಗಳು. ಕರೆದರೆ ಗುಡ್ಡೆಯಾಚೆಯಿಂದ ಓಡಿ ಬರುತ್ತಿದ್ದ ಕಾಲು ಇದು ಎಂದು ಮನಸ್ಸಿಗೆ ಬಂತು. ಹೊಳಪು ನೋಡಲು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದೆ.

ಹೆಬ್ಬೆರಳು ತಗ್ಗಿನಲ್ಲಿ ಹೋಗಿ ಕೂತಿತು. ಕಿರುಬೆರಳು ಕೊಕ್ಕೆಯ ಕೆಳಗೆ ತಾನಾಗಿ ಮಡಚಿತು. ನಡುವೆ ಎಲ್ಲಿಯೂ ಗಾಳಿ ಹೋಗುವಷ್ಟು ಜಾಗವಿಲ್ಲ.

ತೆಗೆದು ಮತ್ತೆ ಹಿಡಿದೆ. ಮತ್ತೂ ಹಾಗೆಯೇ. ಅಂಗಳದಲ್ಲಿ ಅಪ್ಪ ಅರವನ್ನು ಒರೆಸುತ್ತಿದ್ದರು. ಅವರ ಕೈ ನೋಡಿದೆ, ನನ್ನ ಕೈ ನೋಡಿದೆ. ಉದ್ದ ಬೆರಳು, ಸಪೂರ ಗಂಟು, ತುದಿಯಲ್ಲಿ ಒಳಕ್ಕೆ ಬಾಗಿದ ಕಿರುಬೆರಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ಯಾರೂ ಹೇಳಿರಲಿಲ್ಲ. ನನ್ನ ಎಮ್ಮೆ, ನನಗೆ ಮಾತು ಕೊಟ್ಟ ಎಲುಬು, ನನ್ನ ಕೈಗೆ ಕೂತ ಹಿಡಿ. ಹೋಗುವುದು ಮಾತ್ರ ಅವನಿಗೆ. ಕೂರದೇ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಉಜ್ಜಿದ್ದು ಸಾಕೆಂದು ಅಪ್ಪನೇ ಬಂದು ಕೈಯಿಂದ ತೆಗೆದುಕೊಳ್ಳಬೇಕಾಯಿತು.

ಕತ್ತಿ ಕೊಡುವ ದಿನ ಅತ್ತೆ ಮಗನ ಜೊತೆಗೆ ಬಂದರು. ಮನೆಯ ಹಿಂದಿನ ತೆಂಗಿನ ಬುಡದಲ್ಲಿ ಅಪ್ಪ ಎಲೆ ಅಡಿಕೆ ಇಟ್ಟು ಕೈ ಮುಗಿದು, ಎರಡೂ ಕೈಯಲ್ಲಿ ಕತ್ತಿ ಹಿಡಿದು ಬಾವನಿಗೆ ಕೊಟ್ಟರು. ಬಾವ ಕಣ್ಣಿಗೆ ಒತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದ. ಹತ್ತುವುದು ಚೆನ್ನಾಗಿತ್ತು, ಅಪ್ಪ ಕೆಳಗಿನಿಂದ ತಲೆ ಎತ್ತಿ ನೋಡುತ್ತಾ ಬಾಯಿ ತೆರೆದೇ ನಿಂತಿದ್ದರು. ನನ್ನ ಯಾವ ಕೆಲಸವನ್ನೂ ಅವರು ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ.

ಮೇಲೆ ಗರಿಗಳ ನಡುವೆ ಸ್ವಲ್ಪ ಹೊತ್ತು ಅವನ ಕಾಲು ಮಾತ್ರ ಕಾಣುತ್ತಿತ್ತು. ಆಮೇಲೆ "ಹೋ!" ಎಂಬ ಕೂಗು. ಕತ್ತಿ ಮಿಂಚಿಕೊಂಡು ಕೆಳಗೆ ಬಂದು ಅತ್ತೆಯ ಕಾಲಿನಿಂದ ಮಾರು ದೂರದಲ್ಲಿ ಮಣ್ಣಿಗೆ ಹೊಕ್ಕಿತು.

"ಅಯ್ಯೋ ನನ್ನ ದೇವರೇ!" ಅತ್ತೆ ಸೀರೆ ಎತ್ತಿಕೊಂಡು ಹಾರಿದರು. "ಕತ್ತಿ ಕೊಟ್ಟದ್ದು ಕಳ್ಳು ತೆಗೀಲಿಕ್ಕೆ, ತಾಯಿಯನ್ನು ತೆಗೀಲಿಕ್ಕೆ ಅಲ್ಲ!"

ಬಾವ ಇಳಿದು ಬಂದ. ಮುಖ ಬೆವರಿತ್ತು. "ಮಾವ, ಇದು ನನ್ನ ಕೈಗೆ ಕೂರುದಿಲ್ಲ. ಒತ್ತುವಾಗ ತಿರುಗ್ತದೆ."

"ಕೂರುದಿಲ್ಲವಾ? ಹೇಗೆ ಕೂರುದಿಲ್ಲ? ಕೈ ತೋರಿಸು."

ಬಾವ ಅಂಗೈ ಚಾಚಿದ. ಅಗಲವಾದ, ಗಿಡ್ಡ ಬೆರಳಿನ, ದೋಸೆ ಕಾವಲಿಯಂಥ ಕೈ. ಅಪ್ಪ ಹಿಡಿಯನ್ನು ಅದರಲ್ಲಿಟ್ಟು ಒಂದೊಂದೇ ಬೆರಳು ಮಡಚಿ ನೋಡಿದರು. ಹೆಬ್ಬೆರಳು ತಗ್ಗಿಗೆ ಮುಟ್ಟಲಿಲ್ಲ. ಕಿರುಬೆರಳು ಕೊಕ್ಕೆಯ ತನಕ ಬರಲೇ ಇಲ್ಲ, ನಡುವಿನಲ್ಲೇ ನಿಂತಿತು. ಅಪ್ಪ ಅವನ ಮುಖ ನೋಡಿದರು, ಕೈ ನೋಡಿದರು, ಆಮೇಲೆ ತಂಗಿಯನ್ನು ನೋಡಿದರು.

"ನನ್ನನ್ನೆಂತ ನೋಡುದು ಅಣ್ಣಾ?" ಎಂದರು ಅತ್ತೆ. "ಅದು ಅವನ ಅಪ್ಪನ ಕೈ. ಮೋರೆ ನಮ್ಮದು, ಕೈ ಅವರದ್ದು. ತೊಟ್ಟಿಲಲ್ಲಿರುವಾಗಲೇ ಎಲ್ಲರಿಗೂ ಗೊತ್ತುಂಟು. ನೀನು ಮರದಿಂದ ಇಳಿದು ನೋಡಿದ್ದು ಯಾವಾಗ?"

"ಸ್ವಲ್ಪ ಅರ ಹಾಕಿ ಕೊಡಿ ಮಾವ," ಎಂದ ಬಾವ. "ಆ ಕೊಕ್ಕೆ ತೆಗೆದು, ಮೇಲೆ ಒಂದು ಹೊಸ ತಗ್ಗು ಮಾಡಿದ್ರೆ ಆಗ್ತದೆ."

ಅಪ್ಪ ತಲೆಯಾಡಿಸಿದರು. "ಮರವಾದ್ರೆ ಮಾಡ್ಬಹುದು. ಇದು ಒಳಗೆ ಟೊಳ್ಳು ಮಾರಾಯ. ಈಗಾಗ್ಲೇ ತೆಳು ಮಾಡಿ ಆಗಿದೆ. ಇನ್ನೊಂದು ತಗ್ಗು ತೆಗೆದ್ರೆ ತೂತೇ ಬೀಳುದು."

ನಾನು ಹೋಗಿ ಬಾವನ ಕೈಯಿಂದ ಕತ್ತಿ ತೆಗೆದುಕೊಂಡೆ. ಹಿಡಿದು, ಮುಷ್ಟಿಯನ್ನು ಅಪ್ಪನ ಮುಂದೆ ಚಾಚಿದೆ. ಅಪ್ಪ ಹಿಡಿಯ ಮೇಲಿನ ಬೆರಳುಗಳನ್ನು ಒಂದೊಂದಾಗಿ ನೋಡುತ್ತಾ ಬಂದರು. ಬಾಗಿದ ಕಿರುಬೆರಳಿನಲ್ಲಿ ಕಣ್ಣು ನಿಂತಿತು. ತನ್ನ ಕೈಯನ್ನು ಮೆಲ್ಲಗೆ ಅದರ ಪಕ್ಕಕ್ಕೆ ತಂದು ಹಿಡಿದರು.

"ಇದು ಯಾವಾಗಿನಿಂದ?" ಎಂದರು.

"ಹುಟ್ಟಿದಂದಿನಿಂದ," ಎಂದಳು ಹಿಂದೆ ನಿಂತಿದ್ದ ಅಮ್ಮ.

ಅತ್ತೆಗೆ ಆಗಲೇ ಭಯ ಹೋಗಿ ನಗು ಬಂದಿತ್ತು. "ಹಾಗಾದ್ರೆ ಸುಲಭ ಆಯ್ತಲ್ಲ. ಹಿಡಿಯ ಜೊತೆಗೆ ಈ ಕೈಯನ್ನೂ ಮಡಂತ್ಯಾರಿಗೆ ಕರ್ಕೊಂಡು ಹೋಗುವ. ಮದುವೆ ಮಾಡುವ."

"ಅಮ್ಮ, ಸುಮ್ಮನಿರಿ ಮಾರಾಯ್ರೆ," ಎಂದ ಬಾವ.

"ಮರ ಹತ್ತುವಾಗ ನಾನು ಇವನ ಹೆಗಲ ಮೇಲೆ ಕೂರಬೇಕಾ ಅತ್ತೆ?" ಎಂದೆ. ಅಪ್ಪ ಕೂಡ ನಕ್ಕರು. ಬಾವ ಎಲ್ಲರಿಗಿಂತ ಜೋರಾಗಿ ನಕ್ಕ, ಅಷ್ಟು ಜೋರಾಗಿ ನಗುವ ಅಗತ್ಯ ಇರಲಿಲ್ಲ.

ಕತ್ತಿ ನನ್ನದಾಯಿತು ಎಂದುಕೊಂಡೆ. ಊಟ ಮುಗಿದ ಮೇಲೆ ಅಪ್ಪ ಒಲೆಯ ಮುಂದೆ ಕೂತು ಅಲಗನ್ನು ಉರಿಗೆ ಹಿಡಿದರು. ಅಳಿಯನಿಗೆ ಬೇಗ ಕೆಲಸ ಶುರು ಆಗಬೇಕು, ಅಲಗು ಬೇಕು. ಬಿಸಿ ಬಾಲದವರೆಗೆ ಹೋಗಿ ಅರಗು ಕರಗಿದರೆ ಬಿಡಿಸಬಹುದು. ಉರಿ ಹೆಚ್ಚಾದರೆ ಎಲುಬು ಸೀಳುತ್ತದೆ. ನಾನು ಬಾಗಿಲಲ್ಲಿ ನಿಂತು ಹಿತ್ತಾಳೆ ಬಳೆಯ ಹತ್ತಿರ ಅರಗು ಗುಳ್ಳೆ ಏಳುವುದನ್ನು ನೋಡಿದೆ. ಅಪ್ಪ ಒದ್ದೆ ಬಟ್ಟೆಯಲ್ಲಿ ಹಿಡಿಯನ್ನು ಸುತ್ತಿ ಎಳೆದರು. ಅಲಗು ಹೊರಗೆ ಬಂತು. ಎಲುಬಿಗೆ ಏನೂ ಆಗಿರಲಿಲ್ಲ.

"ಇಗೊ ಮಗಾ, ನಿನ್ನ ಎಲುಬು."

ಬಾಯಿ ತೆರೆದ, ಖಾಲಿ ಹಿಡಿ. ಬೆಚ್ಚಗಿತ್ತು.

ಮರುದಿನ ಇಡೀ ಅಪ್ಪ ಬಾವನಿಗೆ ಹಲಸಿನ ಮರದ ಹಿಡಿ ಮಾಡಿದರು. ಈ ಸಲ ಅಳತೆ ತೆಗೆದುಕೊಂಡರು. ಅವನ ಅಗಲ ಕೈಯನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡು, ನೂಲಿನಿಂದ ಬೆರಳು ಬೆರಳು ಅಳೆದು, ಗಂಟು ಹಾಕಿ. ಅಷ್ಟು ಹೊತ್ತು ನನ್ನ ಕೈಯನ್ನು ಯಾರೂ ಹಿಡಿದಿಲ್ಲ. ಅಳತೆ ಬೇಕಾಗಲಿಲ್ಲ, ಅದಕ್ಕೆ. ಸರಿಯಾಗಿ ಹೊಂದಿದವರಿಗೆ ನಷ್ಟವೇ ಎಂದು ಬೀಡಿಯ ನೂಲು ಸುತ್ತುತ್ತಾ ಯೋಚಿಸಿದೆ. ನೂಲು ಕೂಡ ನನ್ನ ತಡ್ಪೆಯಿಂದಲೇ ತೆಗೆದುಕೊಂಡದ್ದು.

ಮುಂದಿನ ಸೋಮವಾರ ಬೀಡಿಯ ದುಡ್ಡು ತೆಗೆದುಕೊಂಡು ಒಬ್ಬಳೇ ಬೆಳ್ತಂಗಡಿಯ ಸಂತೆಗೆ ಹೋದೆ. ಕತ್ತಿ, ಹಾರೆ, ಪಿಕ್ಕಾಸು ಹರಡಿಕೊಂಡು ಕೂತಿದ್ದ ಮುದುಕನ ಹತ್ತಿರ ಹಿಡಿ ಇಲ್ಲದ ಸಣ್ಣ ಅಲಗು ಕೇಳಿದೆ.

"ಹಿಡಿ ಇರುದೇ ಉಂಟಲ್ಲ. ಇಲ್ಲದ್ದು ಎಂತಕ್ಕೆ?"

"ಹಿಡಿ ನನ್ನ ಹತ್ತಿರ ಉಂಟು."

ಚೀಲದಿಂದ ತೆಗೆದು ತೋರಿಸಿದೆ. ಮುದುಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ಮೂರ್ತೆಯವರದ್ದಲ್ವಾ? ನಿಮ್ಮ ಅಣ್ಣನದ್ದಾ?"

"ನನ್ನದು."

ಅವನು ಬಾಲ ಸರಿಹೊಂದುವ ಅಲಗನ್ನು ಹುಡುಕಿ ಕೊಟ್ಟ. ಬರುವಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ತಿಂದೆ. ಎರಡು. ಮತ್ತೆ ಚಾ.

ಅಲಗು ಕೂರಿಸಿಕೊಡಲು ಅಪ್ಪ ಒಪ್ಪಿದರು. ಹಲಸಿನ ನೆರಳಿನಲ್ಲಿ ನಾನು ಬಾವ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅರಗು ಕರಗಿಸುವುದು ನಾನು, ಬಾಲ ಕಾಯಿಸುವುದು ಅವರು. ಆ ಮಧ್ಯಾಹ್ನ ಅಪ್ಪ ನನ್ನೊಡನೆ ತುಂಬ ಮಾತಾಡಿದರು. ಅಳಿಯ ನಿನ್ನೆ ಎಷ್ಟು ಮರ ಏರಿದ, ಮೂಲೆಯ ಮರದ ಹೊಂಬಾಳೆಯನ್ನು ಹೇಗೆ ಪಳಗಿಸಿದ, ಹಿಂದಿನ ಜನ್ಮದಲ್ಲಿ ಮಂಗ ಆಗಿದ್ದಿರಬೇಕು. ನನ್ನ ಗೀಟುಗಳನ್ನು ಯಾವ ಕಡೆ ಹಾಕಬೇಕೆಂದು ತಿಳಿಯಲಿಲ್ಲ. ಆಡಿದ್ದು ನನ್ನೊಡನೆ, ಆಡಿದ್ದೆಲ್ಲ ಅವನ ಬಗ್ಗೆ. ಹಾಕದೆ ಬಿಟ್ಟೆ.

ಕತ್ತಿ ಚಾವಡಿಯ ಕಂಬಕ್ಕೆ, ನನ್ನ ತಡ್ಪೆಯ ಪಕ್ಕ, ಸಿಕ್ಕಿಸಿ ಇರುತ್ತಿತ್ತು. ಒದ್ದೆ ಎಲೆಯ ಕಟ್ಟು ಬಿಚ್ಚಲು, ತೊಟ್ಟು ತೆಗೆಯಲು, ಸಂಜೆ ತೊಂಡೆಕಾಯಿ ಸೀಳಲು ಅದೇ. ಮರ ಬಿಟ್ಟ ಮೇಲೆ ಅಪ್ಪನಿಗೆ ಚಾವಡಿಯಲ್ಲಿ ಕೂತು ಅಡಿಕೆ ಹೋಳು ಮಾಡುವ ಚಟ ಹತ್ತಿತು. ಮೊದಮೊದಲು ಅಮ್ಮನ ಅಡಕತ್ತರಿ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಕೈ ಚಾಚಿದರು.

"ನಿನ್ನ ಕತ್ತಿ ಕೊಡು ಮಗಾ."

'ನಿನ್ನ' ಎಂದರು. ಕೊಟ್ಟೆ. ಅವರ ಕೈಗೂ ಕೂರುತ್ತಿತ್ತಲ್ಲ, ಅವರ ಕೈಗೇ ಮಾಡಿದ್ದು. ಹೋಳು ಮಾಡಿ, ಅಂಗಿಗೆ ಒರೆಸಿ, ಹಿಡಿಯನ್ನು ನನ್ನ ಕಡೆ ತಿರುಗಿಸಿ ವಾಪಸು ಕೊಟ್ಟರು. ಆಮೇಲೆ ಅದು ದಿನದ ಕ್ರಮವಾಯಿತು.

ಸುಗ್ಗಿ ತಿಂಗಳ ಒಂದು ಭಾನುವಾರ ಬಾವ ಕೆಲಸ ಮುಗಿಸಿ ಒಂದು ಎಳನೀರು ಹಿಡಿದುಕೊಂಡು ಬಂದ. ಅವನ ಕತ್ತಿಯನ್ನು ಸಾಣೆಗೆ ಕೊಟ್ಟಿದ್ದನಂತೆ. ಚಾವಡಿಗೆ ಬಂದವನೇ ಕಂಬದ ಕಡೆ ಕೈ ಹಾಕಿದ. ನಾನು ಬಾಯಿ ತೆರೆಯುವ ಮೊದಲೇ, ಗೋಡೆಗೆ ಒರಗಿ ಕೂತಿದ್ದ ಅಪ್ಪ ಹೇಳಿದರು:

"ಏ, ಅದು ಅವಳದ್ದು. ಅವಳ ಎಮ್ಮೆಯದ್ದು. ಕೇಳಿ ತೆಗೆ."

ಬಾವನ ಕೈ ಗಾಳಿಯಲ್ಲೇ ನಿಂತಿತು. ನನ್ನ ಕಡೆ ತಿರುಗಿದ. "ಒಮ್ಮೆ ಕೊಡ್ತೀಯಾ ಮಾರಾಯ್ತಿ? ಎಳನೀರು ಕೆತ್ತಲಿಕ್ಕೆ."

ಅವನು ಒಳ್ಳೆಯ ರೀತಿಯಲ್ಲೇ ಕೇಳಿದ. ಎಳನೀರು ತಂದದ್ದೂ ನಮಗೇ.

"ನಿನ್ನ ಕೈಗೆ ಅದು ಕೂರುದಿಲ್ಲ ಬಾವ," ಎಂದೆ, ಮತ್ತೊಂದು ಬೀಡಿಗೆ ನೂಲು ಸುತ್ತಿದೆ.